ಕನ್ಹೇರಿಯ ನೃಪತುಂಗನನ್ನು ನಮ್ಮ ಮಕ್ಕಳೂ ನೋಡಲಿ

ಮಾನ್ಯ ಸಂಪಾದಕರೇ,

ಬೋರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದೊಳಗಿರುವ ಕನ್ಹೇರಿ ಗುಹೆಗಳಿಗೆ ನಾನು ಇಪ್ಪತ್ತು ವರ್ಷಗಳಿಂದ ಹೋಗುತ್ತಿದ್ದೇನೆ. ಊರಿಂದ ನೆಂಟರು ಬಂದರೆ ಅಲ್ಲಿಗೇ ಸವಾರಿ. ಮೂರನೇ ಗುಹೆಯ ಎತ್ತರದ ಬುದ್ಧನ ಮುಂದೆ ಫೋಟೊ, ಬುತ್ತಿ ಊಟ, ಮತ್ತೆ ಮನೆ. ಆ ಬೆಟ್ಟ ನನಗೆ ಅರ್ಥವಾಗಿದ್ದು ಮಾತ್ರ ಕಳೆದ ತಿಂಗಳು, ವಿಷಯ ಬಲ್ಲವರೊಬ್ಬರ ಹಿಂದೆ ಹದಿನೆಂಟು ಜನ ಹತ್ತಿದಾಗ.

ಅವರು ಶುರು ಮಾಡಿದ್ದೇ ನೀರಿನಿಂದ. ಒಂದು ಗುಹೆಯ ಪಕ್ಕ ಕರಿ ಬಂಡೆಯಲ್ಲಿ ಸಣ್ಣ ಕಾಲುವೆ ಕೊರೆದಿದ್ದಾರೆ. ಎಷ್ಟೋ ಸಲ ಅದನ್ನು ದಾಟಿಕೊಂಡು ಹೋಗಿದ್ದೆ, ಕಣ್ಣಿಗೇ ಬಿದ್ದಿರಲಿಲ್ಲ. ಅವರು ಬಾಟಲಿಯಿಂದ ಸ್ವಲ್ಪ ನೀರು ಸುರಿದರು. ನೀರು ಬಂಡೆಗುಂಟ ಹರಿದು, ತಿರುವಿನಲ್ಲಿ ಒಂದು ಕ್ಷಣ ನಿಂತು, ಅಂಗಳದ ಮೂಲೆಯ ಕಲ್ಲಿನ ತೊಟ್ಟಿಯೊಳಗೆ ಬಿತ್ತು. ಮಕ್ಕಳು ಇನ್ನೊಮ್ಮೆ, ಇನ್ನೊಮ್ಮೆ ಎಂದರು. ನೂರಕ್ಕೂ ಹೆಚ್ಚು ಗುಹೆಗಳಲ್ಲಿ ಇದ್ದ ಭಿಕ್ಷುಗಳು ಮಳೆಗಾಲದ ನೀರನ್ನು ಹೀಗೆ ಹಿಡಿದಿಟ್ಟು ಬೇಸಿಗೆ ಕಳೆಯುತ್ತಿದ್ದರಂತೆ.

ಆಮೇಲೆ ಒಂಬತ್ತನೇ ಶತಮಾನದ ಶಾಸನದ ಮಾತು ಬಂತು. ಅದು ಸಂಸ್ಕೃತದಲ್ಲಿದೆ. ಕೊಂಕಣದಲ್ಲಿ ಆಗ ಶಿಲಾಹಾರರ ಆಳ್ವಿಕೆ, ಅವರ ಮೇಲೆ ರಾಷ್ಟ್ರಕೂಟರ ಅಮೋಘವರ್ಷ. ಅಂದರೆ ನಮ್ಮ ನೃಪತುಂಗ! ಗೌಡ ದೇಶದಿಂದ, ಇವತ್ತಿನ ಬಂಗಾಳದ ಕಡೆಯಿಂದ ಬಂದ ಭಕ್ತನೊಬ್ಬ ಭಿಕ್ಷುಗಳ ಬಟ್ಟೆಗೆಂದು ಇಲ್ಲಿ ಹಣ ಇಟ್ಟಿದ್ದನಂತೆ. "ನೃಪತುಂಗ ಅಂದ್ರೆ ಬೆಂಗಳೂರಿನ ರಸ್ತೆ ಅಲ್ವಾ?" ಎಂದಳು ಒಂಬತ್ತನೇ ಕ್ಲಾಸಿನ ಹುಡುಗಿ. ಉತ್ತರ ಕೇಳಿದ ಮೇಲೆ ಅವಳು ಆ ಕಲ್ಲಿನ ಮುಂದಿನಿಂದ ಬೇಗ ಕದಲಲಿಲ್ಲ.

ಮುಂಬಯಿಯ ಕನ್ನಡ ಸಂಘಗಳಲ್ಲಿ ನನ್ನ ಕೋರಿಕೆ ಇಷ್ಟೇ. ವರ್ಷಕ್ಕೆ ಎರಡು ಸಲವಾದರೂ ಇಂಥ ನಡಿಗೆ ಇಡಿ. ವಿವರಣೆ ಕನ್ನಡದಲ್ಲಿರಲಿ. ಪಾಲಿಕೆಯ ಕನ್ನಡ ಶಾಲೆಗಳ ಮಕ್ಕಳನ್ನೂ ಸೇರಿಸಿಕೊಳ್ಳಿ. ಗುಂಪು ಮಾತ್ರ ಇಪ್ಪತ್ತು ದಾಟಬಾರದು. ಹಿಂದೊಮ್ಮೆ ಎಪ್ಪತ್ತು ಜನರ ಜೊತೆ ಹೋಗಿದ್ದೆ. ಮುಂದಿದ್ದವರ ಮಾತು ಹಿಂದಿದ್ದವರಿಗೆ ಕೇಳಿಸಲೇ ಇಲ್ಲ. ಬಿಸಿಲಿಗೆ ತಲೆ ಸುತ್ತಿ ಕೂತ ಅಜ್ಜಿಯೊಬ್ಬರನ್ನು ಗಮನಿಸಿದ್ದೂ ಎಷ್ಟೋ ಹೊತ್ತಾದ ಮೇಲೆ. ವಯಸ್ಸಾದವರಿಗೆ ಗೇಟಿನಿಂದ ಗುಹೆಗಳವರೆಗೆ ಬಸ್ಸೇ ಒಳ್ಳೆಯದು. ಮಳೆಯಲ್ಲಿ ಮೆಟ್ಟಿಲು ಪಾಚಿಗಟ್ಟಿ ಜಾರುತ್ತದೆ, ಹಾಗಾಗಿ ಚಳಿಗಾಲವೇ ಸರಿ. ಸೋಮವಾರ ಉದ್ಯಾನಕ್ಕೆ ರಜೆ.

ನಮ್ಮ ಕಟ್ಟಡದ ನಾಲ್ಕು ಮನೆಯವರು ಈಗಾಗಲೇ ತಯಾರಾಗಿದ್ದೇವೆ. ಯಾವ ಸಂಘ ಮುಂದೆ ಬಂದರೂ ಹೆಸರು ಬರೆಸುತ್ತೇವೆ. ಮಕ್ಕಳ ನೀರು, ತಿಂಡಿಯ ಹೊಣೆ ನಮ್ಮದು.

– ಒಬ್ಬ ಓದುಗ, ಮಲಾಡ್ ಪೂರ್ವ, ಮುಂಬಯಿ