ಗೆಜ್ಜೆ ಕಟ್ಟಿದ ಕೈಗೆ

ಪತ್ತನಾಜೆ, ಅಂದರೆ ನಮ್ಮ ಯಕ್ಷಗಾನ ಮೇಳಗಳ ತಿರುಗಾಟ ಮುಗಿಯುವ ದಿನ, ಕಳೆಯಿತು. ಗೆಜ್ಜೆ ಬಿಚ್ಚಿ ಮನೆಗೆ ಬಂದು ನಾಲ್ಕು ದಿನ ಆಯಿತು. ದೀಪಾವಳಿ ಕಳೆದು ಮೇಳ ಹೊರಟ ದಿನದಿಂದ ಕೊನೆಯ ಆಟದವರೆಗೆ, ನಡುವೆ 9 ದಿನ ಬಿಟ್ಟು, ಇಡೀ ತಿರುಗಾಟ ಮಾಡಿದ್ದೇನೆ. ಕಳೆದ ವರ್ಷದ ಜನವರಿಯಲ್ಲಿ ಯಾರಾದರೂ ಹೀಗಾಗುತ್ತದೆ ಅಂದಿದ್ದರೆ ನಂಬುತ್ತಿರಲಿಲ್ಲ.

ಏನಾಗಿತ್ತು ಅಂತ ನಿಮಗೆಲ್ಲ ಗೊತ್ತು. ಎಕ್ಸ್‌ರೇ, ಸ್ಕ್ಯಾನು, ಮಂಗಳೂರಿಗೆ ಓಡಾಟ, ಯಾವುದನ್ನೂ ಮತ್ತೆ ಬರೆಯುವುದಿಲ್ಲ. ಬಲಗಡೆಯ ಸೊಂಟದ ಕೀಲು ಸವೆಯಲು ಶುರುವಾಗಿದೆ, ಬೇಗ ಗೊತ್ತಾಯಿತು, ಆಪರೇಷನ್ ಸದ್ಯಕ್ಕೆ ಬೇಡ. ವಯಸ್ಸು 46. ಬೇಗ ಗೊತ್ತಾಯಿತು ಅಂತ ಎಲ್ಲರೂ ನನಗೆ ಶಭಾಸ್ ಹೇಳುತ್ತೀರಿ. ನಾಚಿಕೆಯಾಗುತ್ತದೆ. ಗೊತ್ತು ಮಾಡಿದವರು ಬೇರೆಯೇ ಇದ್ದಾರೆ.

ನಮ್ಮ ಚೌಕಿಯ (ಬಣ್ಣ ಹಚ್ಚಿ ವೇಷ ಕಟ್ಟುವ ಜಾಗ) ನೇಪಥ್ಯದ ಅಣ್ಣ, ನಮಗೆ ವೇಷ ಕಟ್ಟುವವರು. ಹೆಸರು ಹಾಕಿದರೆ ಮುಂದಿನ ವರ್ಷ ಭುಜಕೀರ್ತಿ ಉಲ್ಟಾ ಕಟ್ಟುತ್ತೇನೆ ಅಂತ ಹೆದರಿಸಿದ್ದಾರೆ. ಹಾಗಾಗಿ ಅಣ್ಣ ಅಂತಲೇ ಬರೆಯುತ್ತೇನೆ. ಮೇಳದವರಿಗೆ ಯಾರು ಅಂತ ಹೇಳಬೇಕಾಗಿಲ್ಲ. ಆಟ ನೋಡುವವರಿಗೆ ಅವರು ಕಾಣುವುದಿಲ್ಲ. ಸಂಜೆ ಪೆಟ್ಟಿಗೆ ತೆರೆದಲ್ಲಿಂದ ಬೆಳಗಿನ ಜಾವ ಅದನ್ನು ಮತ್ತೆ ಕಟ್ಟುವವರೆಗೆ ಅವರ ಕೈಯಲ್ಲಿ ಹಗ್ಗ, ದಾರ, ಕಸೆ ಇಷ್ಟೇ. ವೇಷದ ಅಂಗಿಯಾದ ದಗಲೆಯ ಕಸೆ ಬಿಗಿಯುವಾಗ ಯಾರು ದಪ್ಪ ಆದರು, ಯಾರು ಇಳಿದರು, ಯಾರು ಮಧ್ಯಾಹ್ನ ಊಟ ಮಾಡಿಲ್ಲ, ಎಲ್ಲ ಅವರಿಗೆ ತಿಳಿಯುತ್ತದೆ.

ಗೆಜ್ಜೆಯನ್ನು ನಾನು ಮೊದಲಿನಿಂದಲೂ ನಾನೇ ಕಟ್ಟಿಕೊಳ್ಳುವವ. 16ನೇ ವಯಸ್ಸಿಗೆ ಮೇಳ ಸೇರಿದಾಗ ಗುರುಗಳು ಹೇಳಿಕೊಟ್ಟದ್ದು ಹಾಗೆ. ಅದನ್ನು ಅಣ್ಣನ ಕೈಗೆ ಕೊಟ್ಟದ್ದು ಯಾವಾಗ? ನನಗೆ ನೆನಪೇ ಇಲ್ಲ. ಅವರಿಗೆ ನೆನಪಿದೆ. "ಮಾರ್ಚಿಯಲ್ಲಿ ಒಂದು ದಿನ ಎಡಗಾಲಿಗೆ ನೀನೇ ಕಟ್ಟಿಕೊಂಡೆ. ಬಲಗಾಲು ನನ್ನ ಕಡೆ ಚಾಚಿದೆ. ಅಲ್ಲಿಂದ ಬಲಗಾಲು ನನ್ನದೇ." ತುಳುವಿನಲ್ಲಿ ಹೇಳಿದ್ದು. ಕನ್ನಡಕ್ಕೆ ತರುವಾಗ ಅದರಲ್ಲಿದ್ದ ತಮಾಷೆ ಸ್ವಲ್ಪ ಕಡಿಮೆ ಆಯಿತು.

ಕಾಲುಚೀಲವೂ ಹಾಗೆಯೇ. ಬಲಗಾಲಿನ ಬೆರಳಿನವರೆಗೆ ಬಗ್ಗಲಿಕ್ಕೆ ಕಷ್ಟ, ಆದ್ದರಿಂದ ಆ ಕಾಲಿನ ಉಗುರು ತೆಗೆಯುವುದನ್ನೇ ಬಿಟ್ಟಿದ್ದೆ. ಬಿಟ್ಟಿದ್ದೇನೆ ಅಂತ ನನಗೇ ಗೊತ್ತಿರಲಿಲ್ಲ. ಕಾಲುಚೀಲ ಏರಿಸುವಾಗ ಉಗುರಿಗೆ ನೂಲು ಸಿಕ್ಕಿಕೊಳ್ಳುತ್ತಿತ್ತು. "ಎಡಗಾಲಿನದ್ದು ಮದುಮಗನ ಉಗುರು, ಬಲಗಾಲಿನದ್ದು ರಾಕ್ಷಸನದ್ದು, ಇದೆಂಥ ವೇಷ ಮಾರಾಯ?" ಅಂತ ಒಂದು ದಿನ ಕೇಳಿದ್ದರು. ಚೌಕಿಯಿಡೀ ನಕ್ಕಿತ್ತು. ನಾನೂ ನಕ್ಕಿದ್ದೆ.

ಈಗ ಹಿಂದೆ ತಿರುಗಿ ನೋಡಿದರೆ ಎಲ್ಲ ಕಣ್ಣೆದುರೇ ಇತ್ತು. ಬಣ್ಣ ಹಚ್ಚಲು ಕನ್ನಡಿ ಮುಂದೆ ಚಕ್ಕಳಮಕ್ಕಳ ಹಾಕಿದರೆ ಎಡ ಮೊಣಕಾಲು ಚಾಪೆಗೆ ತಾಗುತ್ತಿತ್ತು, ಬಲದ್ದು ಗೇಣು ಮೇಲೆ ನಿಲ್ಲುತ್ತಿತ್ತು. ಮುಖವರ್ಣಿಕೆ ಮುಗಿಸಿ ಏಳುವಾಗ ಮೊದಲ ನಾಲ್ಕು ಹೆಜ್ಜೆ ಕುಂಟು, ಐದನೆಯದಕ್ಕೆ ಸರಿ. ಸರಿಯಾಗುತ್ತದಲ್ಲ, ಮತ್ತೆ ಯಾಕೆ ತಲೆ ಕೆಡಿಸಿಕೊಳ್ಳುವುದು? ಬೈಕು ಹತ್ತುವಾಗ ಕಾಲು ಸೀಟಿನ ಮೇಲಿಂದ ದಾಟುತ್ತಿರಲಿಲ್ಲ. ಬೈಕನ್ನೇ ವಾಲಿಸಿಕೊಂಡು ಹತ್ತಲು ಕಲಿತೆ. ಮನುಷ್ಯ ನೋವಿಗೆ ಮದ್ದು ಹುಡುಕುವ ಮೊದಲು ಇಂಥ ಉಪಾಯ ಹುಡುಕುತ್ತಾನೆ ನೋಡಿ.

ಅದಕ್ಕಿಂತ ಜಾಸ್ತಿ ದಾರಿ ತಪ್ಪಿಸಿದ್ದು ನೋವು ಇದ್ದ ಜಾಗ. ನನಗೆ ನೋಯುತ್ತಿದ್ದದ್ದು ಮೊಣಕಾಲು. ಒಂದು ಕಡೆ ಮೊಣಕಾಲಿನ ಎಕ್ಸ್‌ರೇ ತೆಗೆದು ಏನೂ ಇಲ್ಲ ಅಂದರು. ಎಣ್ಣೆ ತಿಕ್ಕಿದೆ, ಪಟ್ಟಿ ಹಾಕಿದೆ. ಆಮೇಲೆ ತೊಡೆಸಂದಿನಲ್ಲಿ ಒಳಗೊಳಗೇ ಹಿಡಿದ ಹಾಗೆ ಶುರುವಾಯಿತು. ಕಸೆ ಬಿಗಿಯಾಗಿರಬೇಕು, ಉಳುಕಿರಬೇಕು ಅಂದುಕೊಂಡೆ. ಸೊಂಟದ ಕೀಲಿನ ನೋವು ಹೆಚ್ಚಾಗಿ ಬರುವುದೇ ಮುಂಭಾಗದಲ್ಲಿ, ತೊಡೆಸಂದಿನಲ್ಲಿ. ಆ ಕೀಲಿಗೂ ಮೊಣಕಾಲಿಗೂ ಹೋಗುವ ನರ ಒಂದೇ ಆದ್ದರಿಂದ ಕೆಲವರಿಗೆ ಮೊಣಕಾಲು ಮಾತ್ರ ನೋಯುತ್ತದಂತೆ. ಇದೆಲ್ಲ ಆಮೇಲೆ ತಿಳಿದದ್ದು. ನಮ್ಮ ಮಾತಿನದ್ದೂ ಒಂದು ತೊಂದರೆ ಇದೆ. ಸೊಂಟ ಅಂದರೆ ನಮಗೆ ಬೆನ್ನಿನ ಕೆಳಗೂ ಸೊಂಟ, ಪಕ್ಕಕ್ಕೂ ಸೊಂಟ, ಸೀರೆ ಸಿಕ್ಕಿಸುವಲ್ಲೂ ಸೊಂಟ. ತೊಡೆಯ ಎಲುಬಿನ ಗುಂಡು ಹೋಗಿ ಕೂರುವ ಜಾಗಕ್ಕೆ ಮನೆಮಾತಿನಲ್ಲಿ ಬೇರೆ ಹೆಸರೇ ನನಗೆ ಗೊತ್ತಿಲ್ಲ. ಹೆಸರಿಲ್ಲದ ಜಾಗ ನೋಯುತ್ತದೆ ಅಂತ ಡಾಕ್ಟ್ರಿಗೆ ಹೇಗೆ ಹೇಳುವುದು?

ಬಾಯಿ ಹೇಳದ್ದನ್ನು ಕೈ ಹೇಳುತ್ತಿತ್ತು. ನಿಂತಲ್ಲೆಲ್ಲ ನಾನು ಬಲಗೈಯನ್ನು ಸೊಂಟದ ಪಕ್ಕಕ್ಕೆ ಇಟ್ಟುಕೊಳ್ಳುತ್ತಿದ್ದೆನಂತೆ. ಹೆಬ್ಬೆರಳು ಹಿಂದೆ, ಉಳಿದ ಬೆರಳು ಮುಂದೆ, ಅರ್ಧಚಂದ್ರ ಹಸ್ತದ ಹಾಗೆ. ಈ ಕೀಲಿನ ನೋವಿನವರು ಎಲ್ಲಿ ನೋವು ಅಂತ ಕೇಳಿದರೆ ಹಾಗೇ ಹಿಡಿದು ತೋರಿಸುತ್ತಾರೆ ಅಂತ ಡಾಕ್ಟ್ರು ಹೇಳಿದರು. ಅಣ್ಣ ಅದನ್ನು ತಿಂಗಳುಗಟ್ಟಲೆ ನೋಡಿದ್ದರು.

ನೋಡಿ ಸುಮ್ಮನಿರಲಿಲ್ಲ. ಡಿಸೆಂಬರಿನಲ್ಲಿ ಒಂದು ರಾತ್ರಿ ಗೆಜ್ಜೆ ಕಟ್ಟುತ್ತಾ ಹೇಳಿದರು, "ಇದು ಮೊಣಕಾಲಿನದ್ದಲ್ಲ. ಮೊಣಕಾಲು ಮಡಿಸಿದರೆ ನಿನಗೆ ಏನೂ ಆಗುವುದಿಲ್ಲ. ಪಾದ ಹಿಡಿದು ಹೊರಗೆ ತಿರುಗಿಸಿದರೆ ಮುಖ ಹಿಂಡುತ್ತಿ. ಮೇಲೆ ಎಲ್ಲೋ ಉಂಟು ಇದು. ದೊಡ್ಡ ಡಾಕ್ಟ್ರಿಗೆ ತೋರಿಸು."

ಅವತ್ತು ನಾನು ಹೇಳಿದ ಮಾತನ್ನು ಇಲ್ಲಿ ಬರೆಯಲೇಬೇಕು. "ನೀವು ಹಗ್ಗ ಕಟ್ಟಿದರೆ ಸಾಕು" ಅಂದೆ. ಎಲ್ಲರ ಎದುರು. ಅವರು ಕಟ್ಟಿದರು. ಮರುದಿನವೂ ಬಂದು ಕಟ್ಟಿದರು, ಮಾತಾಡಲಿಲ್ಲ. ಒಂದು ವಾರ ಮಾತಾಡಲಿಲ್ಲ. ಪುಂಡುವೇಷದವನಿಗೆ, ಹಾರಿ ಕುಣಿಯುವ ಎಳೆಯ ವೀರರ ವೇಷದವನಿಗೆ, ಕಾಲು ಹೋಗುತ್ತಿದೆ ಅಂತ ಚೌಕಿಯಲ್ಲಿ ಯಾರೂ ಹೇಳಬಾರದಿತ್ತು. ನನಗೆ ಇದ್ದದ್ದು ಹೆದರಿಕೆ. ಅದನ್ನು ಸಿಟ್ಟು ಮಾಡಿ ಅವರ ಮೇಲೆ ಹಾಕಿದೆ.

ಜನವರಿಯ ಆ ಆಟ ಗದ್ದೆಯಲ್ಲಿ. ನನ್ನದು ಬಬ್ರುವಾಹನ. ಪುಂಡುವೇಷಕ್ಕೆ ಹೆಸರಾದ ಪುತ್ತೂರು ಶ್ರೀಧರ ಭಂಡಾರಿಯವರ ವೇಷ ನೋಡಿಯೇ ಹುಚ್ಚು ಹಿಡಿಸಿಕೊಂಡ ತಲೆಮಾರು ನಮ್ಮದು. ಸುತ್ತು ತಿರುಗುತ್ತಾ ಹಾರುವ ಆ ಧೀಂಗಿಣ ಹಾರದೆ ರಂಗದಿಂದ ಇಳಿದರೆ ವೇಷ ಹಾಕಿದ ಹಾಗೇ ಅಲ್ಲ. ಹಾರಿದೆ. ಎಷ್ಟನೆಯದೋ ಗೊತ್ತಿಲ್ಲ, ಬಲಗಾಲಿಗೆ ಇಳಿದಾಗ ಒಳಗೆ ಏನೋ ಕಚ್ಚಿಕೊಂಡಿತು. ಚೆಂಡೆಯವರಿಗೆ ಗೊತ್ತಾಗಿರಬೇಕು, ಕೂಡಲೇ ವೇಗ ಇಳಿಸಿದರು. ಉಳಿದದ್ದನ್ನು ಅರ್ಥದಲ್ಲಿ, ಅಂದರೆ ಬರೀ ಮಾತಿನಲ್ಲಿ, ದಾಟಿಸಿದೆ. ಚೌಕಿಗೆ ಬಂದು ಕೂತವನಿಗೆ ಮತ್ತೆ ಏಳಲಿಕ್ಕೆ ಆಗಲಿಲ್ಲ.

ಆಟ ಮುಗಿಯಿತು. ಪೆಟ್ಟಿಗೆಗಳು ಲಾರಿ ಹತ್ತಿದವು, ಮೇಳ ಮುಂದಿನ ಕ್ಯಾಂಪಿಗೆ ಹೊರಟಿತು. ಅಣ್ಣ ಹೊರಡಲಿಲ್ಲ. ಒಂದು ಪೆಟ್ಟಿಗೆ ಇಳಿಸಿಟ್ಟುಕೊಂಡಿದ್ದರು, ನನಗೆ ಒರಗಲಿಕ್ಕೆ. ಟ್ಯೂಬ್‌ಲೈಟ್ ಬಿಚ್ಚಿಕೊಂಡು ಹೋದರು, ಚಪ್ಪರದವರು ಬಂದು ನಮ್ಮ ಸುತ್ತಲಿನ ಪರದೆ ಬಿಟ್ಟು ಬೇರೆಲ್ಲ ಕಳಚಿದರು. ಇಬ್ಬನಿ. ಕೆಳಗೆ ಚಾಪೆ, ಮೇಲೆ ಅವರ ಪಂಚೆ. ಮುಖದಲ್ಲಿ ಬಣ್ಣ ಹಾಗೇ ಇತ್ತು.

ನಾನು ಅತ್ತೆ. ಅತ್ತೆ ಅಂತ ಬರೆಯುವುದು ಸುಲಭ, ಅವತ್ತಿನದು ಬೇರೆ. 30 ವರ್ಷ ಕುಣಿದದ್ದು ಬಿಟ್ಟರೆ ನನಗೆ ಬೇರೇನೂ ಬರುವುದಿಲ್ಲ ಅಂದೆ. ಕಾಲು ಹೋದರೆ ನಾನು ಯಾರು ಅಂತ ಕೇಳಿದೆ. ಮಗಳ ಫೀಸು ಅಂದೆ. ಬಾಯಿಗೆ ಬಂದದ್ದೆಲ್ಲ ಅಂದೆ. ಅವರು ಎಲ್ಲ ಸರಿಯಾಗುತ್ತದೆ ಅಂತ ಹೇಳಲಿಲ್ಲ. ತೆಂಗಿನೆಣ್ಣೆಯ ಬಾಟಲಿ ತೆಗೆದು ಅಂಗೈಗೆ ಹಾಕಿಕೊಂಡು ನನ್ನ ಮುಖದ ಬಣ್ಣ ತೆಗೆಯತೊಡಗಿದರು. ಹಣೆಯ ನಾಮ, ಕಣ್ಣಿನ ಕಪ್ಪು, ಕೆನ್ನೆಯ ಕೆಂಪು, ಒಂದೊಂದಾಗಿ, ಹಳೆ ಬಟ್ಟೆಯಲ್ಲಿ ಒರೆಸುತ್ತಾ. ಅಷ್ಟು ನಿಧಾನಕ್ಕೆ ನನ್ನ ಮುಖವನ್ನು ಅಮ್ಮ ಬಿಟ್ಟರೆ ಯಾರೂ ಮುಟ್ಟಿರಲಿಲ್ಲ. "ಬಣ್ಣ ಇಟ್ಟುಕೊಂಡು ಹೋದರೆ ಆಸ್ಪತ್ರೆಯವರು ಹೆದರಿ ಓಡ್ತಾರೆ" ಅಂದರು. ಒಂದು ವಾರದ ನಂತರದ ಮೊದಲ ತಮಾಷೆ ಅದು. ಬೆಳಗಾದ ಮೇಲೆ ಹಾಲಿನ ಜೀಪು ನಿಲ್ಲಿಸಿ ಕರೆದುಕೊಂಡು ಹೋದರು.

ಡಾಕ್ಟ್ರು ಮಂಚದಲ್ಲಿ ಮಲಗಿಸಿ, ಮೊಣಕಾಲು ಮಡಿಸಿ, ಪಾದ ಹಿಡಿದು ಹೊರಕ್ಕೆ ತಿರುಗಿಸಿದರು. ನಾನು ಕೂಗಿದೆ. ಕೀಲು ಸವೆಯುವಾಗ ಮೊದಲು ಕಡಿಮೆಯಾಗುವುದು ಹೆಚ್ಚಾಗಿ ಈ ತಿರುಗುವಿಕೆಯೇ ಅಂದರು. ನಾನು ಅಣ್ಣನ ಮುಖ ನೋಡಿದೆ. ಅವರು ಗೋಡೆಯಲ್ಲಿದ್ದ ಎಲುಬಿನ ಚಿತ್ರ ನೋಡುತ್ತಿದ್ದರು.

"ಬೆಳಿಗ್ಗೆ ಎದ್ದಾಗ ಬಿಗಿ ಇರುತ್ತದಾ, ಅರ್ಧ ಗಂಟೆಯೊಳಗೆ ಸಡಿಲ ಆಗುತ್ತದಾ?" ಅಂತಲೂ ಡಾಕ್ಟ್ರು ಕೇಳಿದರು. ಮೇಳದವರ ಬೆಳಿಗ್ಗೆ 11 ಗಂಟೆಗೆ ಅಂತ ಅವರಿಗೆ ಅರ್ಥ ಮಾಡಿಸಲು ಸ್ವಲ್ಪ ಹೊತ್ತು ಬೇಕಾಯಿತು. ಕುಣಿದದ್ದರಿಂದಲೇ ಹೀಗಾಯಿತಾ ಅಂತ ನಾನು ಕೇಳಿದೆ. ಹಾಗೆ ಒಂದೇ ಕಾರಣ ಹೇಳಲಿಕ್ಕಾಗುವುದಿಲ್ಲ, ಹುಟ್ಟಿನಿಂದ ಬಂದ ಎಲುಬಿನ ಆಕಾರ, ವಯಸ್ಸು, ತೂಕ, ಹಳೆಯ ಪೆಟ್ಟು ಎಲ್ಲ ಸೇರುತ್ತದೆ ಅಂದರು. ಆ ಉತ್ತರಕ್ಕೆ ಅವರಿಗೆ ಬೇರೆಯೇ ಒಂದು ನಮಸ್ಕಾರ. ಕುಣಿತವೇ ನನ್ನನ್ನು ತಿಂದಿತು ಅಂತ ಹೇಳಿದ್ದರೆ ನಾನು ತಡೆದುಕೊಳ್ಳುತ್ತಿರಲಿಲ್ಲ.

ಉಳಿದವರಿಗೆ ಹೇಳುವುದೂ ಇದೆ. ಫಿಸಿಯೋಥೆರಪಿಯ ಮೇಡಂ ಕೋಲನ್ನು ಬಲಗೈಯಿಂದ ಕಿತ್ತು ಎಡಗೈಗೆ ಕೊಟ್ಟರು. ನೋವಿಲ್ಲದ ಕಡೆಯ ಕೈಯಲ್ಲಿ ಹಿಡಿದರೆ ಕೀಲಿನ ಭಾರ ಇಳಿಯುತ್ತದೆ. ಸುಮ್ನೆ ನಡೆದರೂ ಆ ಕೀಲಿನ ಮೇಲೆ ಮೈತೂಕದ ಎರಡೂವರೆ ಪಟ್ಟಿನ ಹತ್ತಿರ ಬೀಳುತ್ತದಂತೆ. ವೇಷದ ಭಾರ ಬೇರೆ. 6 ಕಿಲೋ ಇಳಿಸಿದೆ, ಪೃಷ್ಠದ ಸ್ನಾಯು ಗಟ್ಟಿಯಾಗಲು ಮಗ್ಗುಲಲ್ಲಿ ಮಲಗಿ ಕಾಲೆತ್ತುವುದನ್ನು ಇವತ್ತಿಗೂ ಬಿಟ್ಟಿಲ್ಲ. ಕ್ಯಾಂಪಿನಿಂದ ಕ್ಯಾಂಪಿಗೆ ನನ್ನ ಕಮೋಡ್ ಸ್ಟೂಲನ್ನು ಕಿರೀಟದ ಪೆಟ್ಟಿಗೆಯಷ್ಟೇ ಜೋಪಾನವಾಗಿ ಸಾಗಿಸಿದ ಲಾರಿಯ ಹುಡುಗರಿಗೆ, ಸಂಬಳ ಹಿಡಿಯದ ಯಜಮಾನರಿಗೆ, ಭಾಗವತರಿಗೆ, ಹಿಮ್ಮೇಳಕ್ಕೆ, ದುಡ್ಡು ಕಳಿಸಿ ಹೆಸರು ಹೇಳದವರಿಗೆ ಕೈ ಮುಗಿಯುತ್ತೇನೆ. ಮನೆಯವಳು ಇದನ್ನು ಓದಿ "ನನಗೆ ಒಂದು ಸಾಲೂ ಇಲ್ವಾ?" ಅಂತ ಕೇಳಿದಳು. ಇದೇ ಆ ಸಾಲು. ಅವಳಿಗೆ ಹೇಳಬೇಕಾದ್ದನ್ನು ಊರಿಗೆಲ್ಲ ಹೇಳಲಿಕ್ಕೆ ನನಗೆ ಬರುವುದಿಲ್ಲ.

ಈ ವರ್ಷ ನಾನು ಅಭಿಮನ್ಯು ಮಾಡಲಿಲ್ಲ. ದ್ರೋಣ ಮಾಡಿದೆ. ಚಕ್ರವ್ಯೂಹ ಕಟ್ಟಿ ನಿಂತು, 19ರ ಹುಡುಗ ಹಾರುವುದನ್ನು ನೋಡುತ್ತಾ ಅರ್ಥ ಹೇಳುವ ಕೆಲಸ. ಮೊದಲ ಆಟದಂದು ಗಂಟಲು ಕಟ್ಟಿತು, ದ್ರೋಣನಿಗೆ ಶಿಷ್ಯನ ಮಗನ ಮೇಲಿನ ಮರುಕ ಅಂತ ಜನ ಚಪ್ಪಾಳೆ ಹೊಡೆದರು. ಅದನ್ನೂ ಸ್ವೀಕರಿಸಿದೆ, ಏನು ಮಾಡುವುದು. ಹುಡುಗ ಚೌಕಿಯಲ್ಲಿ ಕೂತಾಗ ಅಣ್ಣ ಅವನ ಎರಡೂ ಮೊಣಕಾಲು ನೆಲಕ್ಕೆ ತಾಗುತ್ತವಾ ಅಂತ ನೋಡುವುದನ್ನು ಎರಡು ಸಲ ಕಂಡಿದ್ದೇನೆ.

ಕೊನೆಯ ಆಟ ಮುಗಿಸಿ ಚೌಕಿಗೆ ಬಂದಾಗ ಅಣ್ಣ ಕೈ ಚಾಚಿದರು. ಬೇಡ ಅಂದೆ. ಪೆಟ್ಟಿಗೆಯ ಮೇಲೆ ಕೂತು, ಬಲಗಾಲು ಹತ್ತಿರ ಎಳೆದುಕೊಂಡು ಬಗ್ಗಿದೆ. ಬೆರಳು ಗಂಟಿಗೆ ಸಿಕ್ಕಿತು. ಬಿಗಿ ಗಂಟು, ಎರಡು ನಿಮಿಷ ಹೆಣಗಿದೆ. ಅವರು ಸೊಂಟಕ್ಕೆ ಕೈ ಕೊಟ್ಟು ನೋಡುತ್ತಾ ನಿಂತರು, ಸಹಾಯಕ್ಕೆ ಬರಲಿಲ್ಲ. ಗೆಜ್ಜೆ ಬಿಚ್ಚಿತು. ಕಾಲುಚೀಲವನ್ನೂ ನಾನೇ ಎಳೆದೆ.

ಅವರು ಪಾದದ ಕಡೆ ಬಗ್ಗಿ ನೋಡಿದರು.

"ಉಗುರು ತೆಗೆದಿದ್ದಿ" ಅಂದು ಪೆಟ್ಟಿಗೆ ಕಟ್ಟಲು ಹೋದರು.