ಆ ರಾತ್ರಿ ಗಾಡಿ ಕಳಿಸಿದವರಿಗೆ

ಆ ರಾತ್ರಿ ಕಳೆದು ಒಂದು ವರ್ಷವಾಯಿತು. ಶಿರಸಿ ಕಡೆಯ ನಮ್ಮೂರ ನೆರವು ನಿಧಿಗೆ ದುಡ್ಡು ಹಾಕಿದ ಎಲ್ಲರಿಗೂ ಆಯಿ, ನಾನು, ತಮ್ಮ ಮೂವರೂ ಕೈ ಮುಗಿಯುತ್ತೇವೆ. ತಮ್ಮನನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.

ಆಷಾಢದ ಮಳೆ. ಅವನು ಮೂರು ದಿನದಿಂದ ನಿದ್ದೆ ಮಾಡಿರಲಿಲ್ಲ. ಯಾರೋ ಕರೆಯುತ್ತಿದ್ದಾರೆ ಅಂತ ಕತ್ತಲಲ್ಲೇ ಹೊಳೆ ಕಡೆ ಹೊರಟಿದ್ದ. ಹತ್ತಿರದ ಒಂದು ಆಸ್ಪತ್ರೆಯಲ್ಲಿ ‘ಇಂಥವರನ್ನು ಇಲ್ಲಿ ಇಟ್ಟುಕೊಳ್ಳಲ್ಲ’ ಅಂದರು. 14416ಕ್ಕೆ ಫೋನ್ ಮಾಡಿದೆ. 2022ರ ಅಕ್ಟೋಬರ್‌ನಲ್ಲಿ ಸರ್ಕಾರ ಶುರು ಮಾಡಿದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಅದು. ಹಗಲೂ ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಆ ಕಡೆಯ ಹೆಣ್ಣುಮಗಳು ಮೊದಲು ನನಗೇ ನೀರು ಕುಡಿಯಲು ಹೇಳಿದರು. ಆಮೇಲೆ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ಹೆಸರು ಹೇಳಿದರು. ಸರಿ, ಆದರೆ ಆ ಮಳೆಯಲ್ಲಿ ಅಷ್ಟು ದೂರ ಯಾರು ಗಾಡಿ ತರುತ್ತಾರೆ? ಮೈ ಕಾಯಿಲೆಯವರಿಗೆ ಸಿಗುವ ಹಾಗೇ ಮನಸ್ಸಿನ ಕಾಯಿಲೆಯವರಿಗೂ ಆಂಬುಲೆನ್ಸ್ ಸಿಗಬೇಕು ಅಂತ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲೇ ಇದೆ. ನಮಗೆ ಆಗ ಅದೂ ಗೊತ್ತಿರಲಿಲ್ಲ.

ನಿಧಿಯವರು ಅರ್ಧ ಗಂಟೆಯಲ್ಲಿ ಗಾಡಿ ಕಳಿಸಿದರು. ಅರ್ಜಿ ಕೇಳಲಿಲ್ಲ, ರೇಷನ್ ಕಾರ್ಡ್ ಕೇಳಲಿಲ್ಲ. ನಿಧಿಯಿಂದ ಸಂಬಳ ಪಡೆಯುವ, ತರಬೇತಿ ಆದ ಅಕ್ಕ ಒಬ್ಬರು ಜೊತೆಗೆ ಬಂದರು. ತಮ್ಮನ ಕೈ ಕಟ್ಟಲು ನಾನು ಹಗ್ಗ ತಂದಿದ್ದೆ. ಅವರು ಅದನ್ನು ಇಸಿದುಕೊಂಡು ಸೀಟಿನ ಕೆಳಗೆ ಇಟ್ಟರು. ಮುಂಡಗೋಡ ದಾಟುವವರೆಗೂ ಅವನು ಹೇಳಿದ್ದನ್ನೆಲ್ಲ ಕೇಳುತ್ತಲೇ ಇದ್ದರು. ಒಂದು ಸಲವೂ ‘ಅದೆಲ್ಲ ಸುಳ್ಳು’ ಅನ್ನಲಿಲ್ಲ. ಹುಬ್ಬಳ್ಳಿ ಹತ್ತಿರ ಬರುವಾಗ ಅವರ ಹೆಗಲಿಗೆ ತಲೆಯಿಟ್ಟು ಮಲಗಿಬಿಟ್ಟ. ಮೂರು ದಿನದ ಮೇಲೆ ಮೊದಲ ನಿದ್ದೆ.

ಮನೆಗೆ ಬಂದ ಮೇಲಿನ ದಿನಗಳು ಇನ್ನೂ ಕಷ್ಟದವು. ಗುಳಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತಿತ್ತು. ಆದರೆ ಅವನನ್ನು ಕರೆದುಕೊಂಡು ಹೋದ ದಿನ ನನ್ನ ಕೂಲಿ ತಪ್ಪುತ್ತಿತ್ತು. ಆ ಕೂಲಿಯನ್ನೂ ನೀವೇ ತುಂಬಿಕೊಟ್ಟಿರಿ. ಅಕ್ಕ ಎಂಟು ದಿನಕ್ಕೊಮ್ಮೆ ಬಂದು ಗುಳಿಗೆ ಎಣಿಸಿ, ಆಯಿಯ ಜೊತೆ ಚಾ ಕುಡಿದು ಹೋಗುತ್ತಿದ್ದರು. ಆಯಿ ಅವರೆದುರು ಮಾತ್ರ ಅಳುತ್ತಿದ್ದಳು.

ಕಟ್ಟಡಕ್ಕೆ ಕೊಟ್ಟರೆ ಗೋಡೆ ಮೇಲೆ ಹೆಸರು ಬರೆಸಬಹುದು. ಡ್ರೈವರ್ ಭತ್ಯೆಗೆ, ಅಕ್ಕನ ಸಂಬಳಕ್ಕೆ ಕೊಟ್ಟರೆ ಎಲ್ಲಿ ಬರೆಸೋದು? ಆದರೂ ಕೊಟ್ಟಿರಿ. ಅದೂ ಮೂರು ವರ್ಷಕ್ಕೆ ಒಪ್ಪಿಕೊಂಡಿರಿ. ಅದಕ್ಕೇ ಅಕ್ಕ ಬೇರೆ ಕೆಲಸ ಹುಡುಕಿಕೊಂಡು ಹೋಗಲಿಲ್ಲ. ಬೇರೆ ದಾನಿಗಳೂ ದಯವಿಟ್ಟು ಹೀಗೇ ಕೊಡಿ. ಜೋಯಿಡಾದ ಕಾಡಿನ ಮನೆಗಳಿಗೂ ಇಂಥ ಅಕ್ಕ ಒಬ್ಬರು ಬೇಕು, ಅಲ್ವಾ?

ಈಗ ನೆಟ್ಟಿ ಸಮಯ. ತಮ್ಮ ಬೆಳಿಗ್ಗೆಯೇ ಕಂಬಳಿ ಕೊಪ್ಪೆ ಹಾಕಿಕೊಂಡು ಗದ್ದೆಗೆ ಹೋಗಿದ್ದಾನೆ. ಈ ವಾರದ ಕೂಲಿಯಲ್ಲಿ ನೂರು ರೂಪಾಯಿ ನಿಧಿಗೆ ಅಂತ ತೆಗೆದಿಟ್ಟಿದ್ದಾನೆ.