ಆ ಹುಡುಗಿಗೆ ಅರ್ಜಿ ಹಾಕೋಕೆ ಹೇಳು

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜ್ ಮೂರು ದಿನದಿಂದ ತಲೆಯಲ್ಲೇ ಕೂತಿದೆ. ನೀನು ಪಾಠ ಮಾಡುವ ಎರಡು ವರ್ಷದ ಕಮ್ಯುನಿಟಿ ಕಾಲೇಜಿನ ಆ ಹುಡುಗಿ ಬಯಾಲಜಿಯಲ್ಲಿ ಅಷ್ಟು ಚುರುಕು. ಆದರೂ ಬೇಸಿಗೆಯ ಆರೋಗ್ಯ ಸಂಶೋಧನಾ ತರಬೇತಿಯ ಮಾತೆತ್ತಿದರೆ ‘ಅದೆಲ್ಲ ನನ್ನಂಥವರಿಗಲ್ಲ’ ಅಂದುಬಿಟ್ಟಳು ಅಂತ ಬರೆದಿದ್ದೆ. ಫೋನಿನಲ್ಲಿ ಹೇಳಿದರೆ ಅರ್ಧಂಬರ್ಧ ಆಗುತ್ತದೆ, ಅದಕ್ಕೇ ಈ ಪತ್ರ. ನಿನ್ನ ಹಾಗೆ ಅಮೆರಿಕದಲ್ಲಿ ಪಾಠ ಮಾಡುವ ನಮ್ಮವರು ಇನ್ನೂ ಇದ್ದಾರಲ್ಲ, ಅವರೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ.

ಈ ತರಬೇತಿಗಳು ಹುಟ್ಟಿದ್ದೇ ಅವಳಂಥವರಿಗಾಗಿ. ಕಪ್ಪು ಜನ, ಹಿಸ್ಪಾನಿಕ್ ಅಂದರೆ ಸ್ಪ್ಯಾನಿಷ್ ಮಾತಾಡುವ ನಾಡುಗಳ ಮೂಲದ ಮನೆಗಳವರು, ಅಮೆರಿಕದ ಮೂಲನಿವಾಸಿಗಳು, ಅಂಗವಿಕಲರು, ಅಪ್ಪ ಅಮ್ಮ ಡಿಗ್ರಿ ಓದದ ಬಡ ಮನೆಯ ಮಕ್ಕಳು. ಸಂಶೋಧನೆಯಲ್ಲಿ ಇವರ ಸಂಖ್ಯೆ ತೀರಾ ಕಡಿಮೆ ಅಂತ ಅಮೆರಿಕ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್ ಎಷ್ಟೋ ವರ್ಷ ಲೆಕ್ಕ ಇಟ್ಟಿತ್ತು. ನಮ್ಮಂಥ ಭಾರತೀಯರು ಆ ಪಟ್ಟಿಯಲ್ಲಿರಲಿಲ್ಲ. ಅದು ಸರಿಯಾಗಿಯೇ ಇತ್ತು. ಲ್ಯಾಬ್‌ಗಳಲ್ಲಿ ನಾವು ಬೇಕಾದಷ್ಟು ಜನ ಇದ್ದೇವೆ.

ಸಾಮಾನ್ಯವಾಗಿ ಎಂಟರಿಂದ ಹತ್ತು ವಾರ. ಒಬ್ಬ ಮೆಂಟರ್, ಒಂದು ಸಣ್ಣ ಪ್ರಾಜೆಕ್ಟ್, ಕೊನೆಗೆ ಮಾಡಿದ ಕೆಲಸವನ್ನು ತೋರಿಸುವ ಒಂದು ಪೋಸ್ಟರ್. ಅದರ ಜೊತೆಗೆ ಸ್ಟೈಪೆಂಡ್, ಅಂದರೆ ತರಬೇತಿಯ ಸಮಯಕ್ಕೆ ಕೊಡುವ ಹಣ. ಈ ಸ್ಟೈಪೆಂಡ್ ವಿಷಯ ಅವಳಿಗೆ ಬಿಡಿಸಿ ಹೇಳು. ನಾನು ಮೊದಲು ಕೆಲಸ ಮಾಡಿದ ಲ್ಯಾಬಿನಲ್ಲಿ ಬೇಸಿಗೆಗೆ ಬರುವ ವಿದ್ಯಾರ್ಥಿಗಳಿಗೆ ಒಂದು ಡಾಲರ್ ಕೂಡ ಕೊಡುತ್ತಿರಲಿಲ್ಲ. ‘ಆಸಕ್ತಿ ಇದ್ದವರು ಬರ್ತಾರೆ’ ಅನ್ನುತ್ತಿದ್ದರು. ಬರುತ್ತಿದ್ದವರು ಯಾರು ಹೇಳು? ಬೇಸಿಗೆಯಲ್ಲಿ ದುಡಿಯಬೇಕಾದ ಅಗತ್ಯವೇ ಇಲ್ಲದವರು. ಸೂಪರ್‌ ಮಾರ್ಕೆಟ್ಟಿನಲ್ಲಿ ಬಿಲ್ ಹಾಕಿ ಮನೆ ಬಾಡಿಗೆಗೆ ಕೈಜೋಡಿಸುವ ಹುಡುಗಿಗೆ ಆಸಕ್ತಿ ಇಲ್ಲ ಅಂತಲಾ? ಆಗ ನಾನೂ ಏನೂ ಕೇಳಲಿಲ್ಲ. ಈಗಲೂ ನೆನೆದರೆ ಸಂಕಟ ಆಗುತ್ತದೆ.

ಕೆಲವು ವರ್ಷಗಳ ಹಿಂದೆ ನಮ್ಮ ರಕ್ತದೊತ್ತಡದ ಅಧ್ಯಯನದಲ್ಲಿ ಕೆಲಸ ಕಲಿಯೋಕೆ ಇಂಥದೇ ತರಬೇತಿಯಿಂದ ಒಬ್ಬಳು ಕಪ್ಪು ಹುಡುಗಿ ಬಂದಿದ್ದಳು. ಅಧ್ಯಯನಕ್ಕೆ ಸೇರುವವರಿಗೆ ಫೋನ್ ಮಾಡಿ ಒಪ್ಪಿಗೆ ಪತ್ರವನ್ನು ವಿವರಿಸುವುದು ಅವಳ ಕೆಲಸ. ಒಬ್ಬ ಹಿರಿಯರು ‘ನನ್ನ ರಕ್ತ ತಗೊಂಡು ಏನ್ ಮಾಡ್ತೀರಿ, ಯಾರ್ ನೋಡ್ತಾರೆ?’ ಅಂತ ಕೇಳಿದರಂತೆ. ಆ ಭಯ ಸುಮ್ನೆ ಹುಟ್ಟಿದ್ದಲ್ಲ. ಅಲಬಾಮಾದ ಟಸ್ಕೆಗಿಯಲ್ಲಿ 1932ರಿಂದ 1972ರ ತನಕ ಸರ್ಕಾರದ ಆರೋಗ್ಯ ಇಲಾಖೆಯೇ ಸುಮಾರು 600 ಕಪ್ಪು ಗಂಡಸರನ್ನು ಸಿಫಿಲಿಸ್ ಅನ್ನುವ ಲೈಂಗಿಕ ಕಾಯಿಲೆಯ ಅಧ್ಯಯನದಲ್ಲಿ ಇಟ್ಟುಕೊಂಡಿತ್ತು. ಅವರಲ್ಲಿ 399 ಜನರಿಗೆ ಕಾಯಿಲೆ ಇತ್ತು. ಅದನ್ನು ವಾಸಿ ಮಾಡುವ ಪೆನಿಸಿಲಿನ್ ಬಂದ ಮೇಲೂ ಕೊಡಲಿಲ್ಲ. ನಿಮಗೆ ಇಂಥ ಕಾಯಿಲೆ ಇದೆ ಅಂತಲೂ ಹೇಳಲಿಲ್ಲ.

ಫೋನ್ ಇಟ್ಟು ಅವಳು ಒಪ್ಪಿಗೆ ಪತ್ರ ಹಿಡಿದು ನನ್ನ ಮೇಜಿನ ಹತ್ತಿರ ಬಂದಳು. ಪೆನ್ಸಿಲ್ಲಿನಲ್ಲಿ ಒಂದು ಸಾಲಿಗೆ ಗೆರೆ ಎಳೆದಿದ್ದಳು: ಅಭಿಧಮನಿಯಿಂದ 10 ಮಿಲಿಲೀಟರ್ ರಕ್ತ ಸಂಗ್ರಹಿಸಲಾಗುವುದು. ‘ನಮ್ಮಜ್ಜಿಗೆ ಇದು ಅರ್ಥ ಆಗಲ್ಲ. ಎರಡು ಟೀ ಚಮಚದಷ್ಟು ಅಂತ ಬರೆಯಬಹುದಲ್ವಾ?’ ಅಂದಳು. ಅಷ್ಟು ಬದಲಾಯಿಸೋಕೂ, ಅಧ್ಯಯನಕ್ಕೆ ಸೇರುವವರ ಹಿತ ಕಾಯುವ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಅರ್ಜಿಯನ್ನು ಅವಳೇ ಬರೆದಳು, ಎರಡು ವಾರ ಕಾದಳು. ಒಪ್ಪಿಗೆ ಸಿಕ್ಕ ದಿನ ಆ ಹಿರಿಯರಿಗೆ ಮತ್ತೆ ಫೋನ್ ಮಾಡಿ, ರಕ್ತ ಯಾವ ಫ್ರಿಜ್ಜಿಗೆ ಹೋಗುತ್ತದೆ, ಬೀಗದ ಕೈ ಯಾರ ಹತ್ತಿರ ಇರುತ್ತದೆ ಅಂತೆಲ್ಲ ಹೇಳಿದಳು. ಅವರು ಬಂದರು. ನಾವು ಆ ಪತ್ರವನ್ನು ನಾಲ್ಕು ವರ್ಷದಿಂದ ಬಳಸುತ್ತಿದ್ದೆವು ಕಣೋ. ನಮ್ಮಲ್ಲಿ ಒಬ್ಬರ ಕಣ್ಣಿಗೂ ಆ ಸಾಲು ಬಿದ್ದಿರಲಿಲ್ಲ.

ಕೋವಿಡ್ ಸಮಯದಲ್ಲಿ ಬೆರಳಿಗೆ ಸಿಕ್ಕಿಸಿಕೊಂಡು ಆಕ್ಸಿಜನ್ ನೋಡುತ್ತಿದ್ದೆವಲ್ಲ, ಆ ಪಲ್ಸ್ ಆಕ್ಸಿಮೀಟರ್ ನೆನಪಿದೆಯಾ? ಅದು ಚರ್ಮದೊಳಗೆ ಬೆಳಕು ಹಾಯಿಸಿ ಲೆಕ್ಕ ಹಾಕುತ್ತದೆ. ಚರ್ಮ ಕಪ್ಪಗಿದ್ದರೆ ಕೆಲವೊಮ್ಮೆ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. 1990ರಲ್ಲೇ ಒಂದು ಪ್ರಬಂಧ ಇದನ್ನು ಹೇಳಿತ್ತು. ದೊಡ್ಡದಾಗಿ ಸುದ್ದಿಯಾಗಿದ್ದು 2020ರಲ್ಲಿ, ಮಿಷಿಗನ್‌ನ ವೈದ್ಯರು ಲೆಕ್ಕ ಹಾಕಿದ ಮೇಲೆ. ಮೀಟರ್ ಆಕ್ಸಿಜನ್ 92ರಿಂದ 96% ತೋರಿಸುತ್ತಿದ್ದಾಗ, ಕಪ್ಪು ರೋಗಿಗಳ ಸುಮಾರು 12% ಅಳತೆಗಳಲ್ಲಿ ರಕ್ತದಲ್ಲಿದ್ದ ನಿಜವಾದ ಆಕ್ಸಿಜನ್ 88%ಕ್ಕಿಂತ ಕೆಳಗಿತ್ತು. ಬಿಳಿಯರಲ್ಲಿ ಅದು 4%ಕ್ಕಿಂತ ಕಡಿಮೆ. ನಡುವೆ ಮೂವತ್ತು ವರ್ಷ. ಈ ಪ್ರಶ್ನೆಯನ್ನು ತಮ್ಮ ಮನೆಯದೇ ಅಂದುಕೊಳ್ಳುವವರು ಲ್ಯಾಬ್‌ಗಳಲ್ಲಿ ಇನ್ನಷ್ಟು ಜನ ಇದ್ದಿದ್ದರೆ ಇಷ್ಟು ತಡ ಆಗುತ್ತಿರಲಿಲ್ಲ ಅಂತಲೇ ನನ್ನ ನಂಬಿಕೆ.

ಒಂದು ಕಷ್ಟದ ಮಾತನ್ನೂ ಹೇಳಬೇಕು. 2025ರಲ್ಲಿ ಎನ್‌ಐಎಚ್ ತನ್ನ ಬೇಸಿಗೆ ಇಂಟರ್ನ್‌ಶಿಪ್ಪನ್ನೇ ರದ್ದು ಮಾಡಿತು. ಇಂಥ ವಿದ್ಯಾರ್ಥಿಗಳಿಗೆ ಇದ್ದ ಹಲವು ತರಬೇತಿ ಅನುದಾನಗಳೂ ನಿಂತವು. ನನಗೆ ತುಂಬಾ ಬೇಜಾರಾಯಿತು. ಹಾಗಾಗಿ ಹಳೇ ಪಟ್ಟಿ ನಂಬಿಕೊಂಡು ಕೂರಬೇಡಿ. ಯಾವುದು ಈ ವರ್ಷ ನಡೆಯುತ್ತದೆ ಅಂತ ಒಂದೊಂದನ್ನೂ ನೇರವಾಗಿ ಕೇಳಿ ತಿಳಿದುಕೊಳ್ಳಿ. ವಿಶ್ವವಿದ್ಯಾಲಯಗಳು, ಮೆಡಿಕಲ್ ಕಾಲೇಜುಗಳು ತಾವೇ ನಡೆಸುವಂಥವೂ ಇವೆ.

ಅವಳು ಸಿಟಿಜನ್ನಾ, ಗ್ರೀನ್ ಕಾರ್ಡ್ ಇದೆಯಾ ಅಂತ ಮೊದಲೇ ವಿಚಾರಿಸು. ಎಷ್ಟೋ ಕಡೆ ಅದಿಲ್ಲದಿದ್ದರೆ ತೆಗೆದುಕೊಳ್ಳುವುದಿಲ್ಲ. ಉಳಿಯುವ ಜಾಗ, ಪ್ರಯಾಣದ ಖರ್ಚು ಸ್ಟೈಪೆಂಡ್ ಒಳಗೇ ಬರುತ್ತದಾ, ಬೇರೆಯಾಗಿ ಕೊಡುತ್ತಾರಾ ಅನ್ನುವುದನ್ನೂ ಕೇಳಲಿ. ಕೊನೆಯ ದಿನ ಹೆಚ್ಚಾಗಿ ಜನವರಿಯಿಂದ ಮಾರ್ಚ್ ನಡುವೆ ಬರುತ್ತದೆ. ಶಿಫಾರಸು ಪತ್ರ ನಿನ್ನದೊಂದು ಇರಲೇಬೇಕು. ‘ಒಳ್ಳೆಯ ವಿದ್ಯಾರ್ಥಿನಿ’ ಅಂತ ಬರೆದು ಮುಗಿಸಬೇಡ. ಪ್ರಯೋಗ ಕೆಟ್ಟುಹೋದಾಗ ಅವಳು ಏನು ಮಾಡಿದಳು ಅಂತ ಬರಿ.

ಅವಳು ತನ್ನ ಬಗ್ಗೆ ಬರೆಯುವ ಪುಟದಲ್ಲಿ ಚಿಕ್ಕಂದಿನಿಂದ ವಿಜ್ಞಾನ ಇಷ್ಟ ಅಂತ ಶುರು ಮಾಡುವುದು ಬೇಡ. ಅಮ್ಮನ ಜೊತೆ ಕ್ಲಿನಿಕ್ಕಿಗೆ ಹೋಗಿ, ಡಾಕ್ಟರ್ ಹೇಳಿದ್ದನ್ನು ಸ್ಪ್ಯಾನಿಷ್‌ನಲ್ಲಿ ಬಿಡಿಸಿ ಹೇಳುತ್ತಾಳೆ ಅಂದಿದ್ದೆಯಲ್ಲ, ಅಲ್ಲಿಂದಲೇ ಶುರು ಮಾಡಲಿ. ಯಾವ ಮಾತನ್ನು ತಿಳಿಸಿ ಹೇಳೋದು ಕಷ್ಟ ಆಯಿತು ಅಂತ ಬರೆಯಲಿ. ಡ್ರಾಫ್ಟ್ ಎಷ್ಟೇ ಒರಟಾಗಿದ್ದರೂ ಪರವಾಗಿಲ್ಲ, ನನಗೆ ಕಳಿಸು. ಈ ಭಾನುವಾರ ಬಿಡುವಾಗಿದ್ದೇನೆ, ಅವಳ ಜೊತೆಯೇ ಕೂತು ಓದುತ್ತೇನೆ.

ನಿನ್ನ,
ಗೆಳೆಯ